ನೆಲನೆಲ್ಲಿಯ ಎರಡು ಜಾತಿ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಯಾವ ಎಲೆ ಸಿಕ್ಕರೂ ಉಗುರಿನಿಂದ ಚಿವುಟಿ, ಕಣ್ಣು ಮುಚ್ಚಿ ಮೂಸಿದ ಮೇಲೆಯೇ ಮಾತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ನಾನು ಸಸ್ಯಶಾಸ್ತ್ರದ ಸಂಶೋಧನೆಗೆ ಸೇರಿದಾಗ ಅವರು ನಮ್ಮ ವಿಭಾಗದ ಅಟೆಂಡರ್. ಒಣಗಿಸಿದ ಗಿಡಗಳನ್ನು ಹಾಳೆಗೆ ಹೊಲಿದು ಕಪಾಟಿನಲ್ಲಿ ಜೋಡಿಸುವುದು ಅವರ ಕೆಲಸ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ಓದಿದ್ದು ಏಳನೇ ಇಯತ್ತೆ. ಆದರೂ ಹಳೆಯ ಕಾಗದಪತ್ರಗಳಿಗೆ ಹುಳು ಹತ್ತಿದರೆ ಇತಿಹಾಸ ವಿಭಾಗದವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಗಂಟಲು ಕಟ್ಟಿದಾಗ ಸಂಗೀತ ವಿಭಾಗದ ಮೇಡಂ ಆಡುಸೋಗೆ ಎಲೆ ಕೇಳುತ್ತಿದ್ದರು. ಹಾಸ್ಟೆಲ್ ಹುಡುಗಿಯರಾದ ನಮಗೆ ಅವರ ಊರಾದ ಸುಳ್ಳದ ಹೊಲದಿಂದ ಹಸಿ ಶೇಂಗಾ ಬರುತ್ತಿತ್ತು.

ನನ್ನ ಸಂಶೋಧನೆ, ಕಾಮಾಲೆಗೆ ಹಳ್ಳಿಯವರು ಅರೆದು ಕೊಡುವ ನೆಲನೆಲ್ಲಿಯ ಮೇಲೆ. ಊರೂರು ತಿರುಗಿ ಗಿಡ ತಂದು ರಸ ತೆಗೆದು ಪರೀಕ್ಷಿಸುತ್ತಿದ್ದೆ. ಒಂದು ಸಲ ಬಂದ ಫಲಿತಾಂಶ ಇನ್ನೊಂದು ಸಲ ಬರುತ್ತಿರಲಿಲ್ಲ. ಯಂತ್ರವನ್ನು ಬೈಯುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಗಿಡಗಳನ್ನು ಹೊಲಿಯುತ್ತಿದ್ದ ಕಾಕಾ ಮೆಲ್ಲಗೆ ಹೇಳಿದರು: "ಇದರಾಗ ಎರಡು ಜಾತಿ ಕೂಡ್ಯಾವವ್ವಾ."

"ನೀವು ಹೊಲೀರಿ ಕಾಕಾ. ಹೆಸರು ನಾ ನೋಡ್ಕೋತೇನಿ," ಎಂದೆ. ಅವರು ಮತ್ತೆ ಸೂಜಿ ಹಿಡಿದರು.

ಎರಡು ತಿಂಗಳು ಒದ್ದಾಡಿದ ಮೇಲೆ ನಾನೇ ಹೋಗಿ ಅವರೆದುರು ನಿಂತೆ. ಭಾನುವಾರ ಸುಳ್ಳಕ್ಕೆ ಬರಹೇಳಿದರು. ಹೊಲದ ಬದುವಿನಲ್ಲಿ ಕೂತು ಎರಡು ಗಿಡ ಕಿತ್ತು ನನ್ನ ಅಂಗೈ ಮೇಲಿಟ್ಟರು.

"ಇದರ ಕಾಯಿಗೆ ತೊಟ್ಟು ಐತಿ. ಇದಕ್ಕ ಇಲ್ಲ, ಕಾಯಿ ಕಡ್ಡಿಗೇ ಅಂಟೇತಿ. ಗಿಡಾ ಸುಳ್ಳು ಹೇಳಂಗಿಲ್ಲವ್ವಾ. ನಾವ ಗಡಿಬಿಡಿ ಮಾಡ್ತೇವಿ."

ಒಂದು ವರ್ಷದ ಕೆಲಸ ಮಣ್ಣುಪಾಲಾಗಿತ್ತು. ಮರುದಿನ ಮಾರ್ಗದರ್ಶಕರ ಕೋಣೆಗೆ ಒಬ್ಬಳೇ ಹೋಗಲು ಹೆದರಿದೆ. ಕಾಕಾ ಜೊತೆಗೆ ಬಂದು ಬಾಗಿಲ ಬಳಿ ನಿಂತರು. ಸರ್ ಎಲ್ಲ ಕೇಳಿ, ಸಿಟ್ಟು ನುಂಗಿಕೊಂಡು, "ಇದನ್ನ ಯಾರು ಹಿಡದವರು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಇವರೇ ನೋಡಿ ಹಿಡದಾರ್ರಿ ಸರ್," ಎಂದುಬಿಟ್ಟರು.

ಸರ್ ಮುಖ ಸಡಿಲಾಯಿತು. "ಛಲೋ ಆತು. ಈಗರ ತಿಳೀತಲ್ಲ, ಮತ್ತ ಶುರು ಮಾಡು."

ನಾನು ಸುಮ್ಮನಿದ್ದೆ. ಆ ಮೌನ ಮುಂದಿನ ಎರಡು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು.

ಕೊನೆಯ ಮೌಖಿಕ ಪರೀಕ್ಷೆಯ ದಿನ ತುಂಬಿದ ಸಭಾಂಗಣದಲ್ಲಿ ಪರೀಕ್ಷಕರು ಕೇಳಿದರು, ಎರಡು ಜಾತಿ ಬೆರೆತದ್ದು ಹೇಗೆ ಗೊತ್ತಾಯಿತು ಎಂದು. ಹಿಂದುಗಡೆ ಕಾಕಾ ಚಹಾದ ಕಪ್ ಜೋಡಿಸುತ್ತಿದ್ದರು. "ನನಗ ಗೊತ್ತಾಗಿರಲಿಲ್ಲ ಸರ್," ಎಂದೆ. ಅವರ ಹೆಸರು ಹೇಳಿದೆ. ಅವರ ಮಾತನ್ನು ನಾನು ತಳ್ಳಿಹಾಕಿದ್ದನ್ನೂ, ನನ್ನ ಮಾನ ಕಾಯಲು ಅವರು ಸುಳ್ಳು ಹೇಳಿದ್ದನ್ನೂ ಹೇಳಿದೆ. ಮಾರ್ಗದರ್ಶಕರು ಎದ್ದು ಅವರತ್ತ ತಿರುಗಿ ಕೈಮುಗಿದರು. ಕಾಕಾ ತಲೆ ಎತ್ತಲಿಲ್ಲ.

"ಅಷ್ಟು ಮಂದಿ ಮುಂದ ಯಾಕ ಹೇಳಿದ್ಯವ್ವಾ," ಎಂದು ಆಮೇಲೆ ಗದರಿದರು, ಅಷ್ಟೇ.

ಈಗ ನಾನೂ ಅದೇ ಗಿಡಗಳ ಪಾಠ ಮಾಡುತ್ತೇನೆ. ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಸುಳ್ಳಕ್ಕೆ ಹೋದಾಗ ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದರು:

"ನಿನ್ನ ಪರೀಕ್ಷಾ ಆದ ದಿನಾ ಮನಿಗೆ ಬಂದವ್ರು ಅಂಗಿನೂ ಕಳೀಲಿಲ್ಲವ್ವಾ. ಓಣ್ಯಾಗ ಮನಿಮನಿಗೆ ಹೋಗಿ ಹೇಳಿ ಬಂದ್ರು, ಯುನಿವರ್ಸಿಟ್ಯಾಗ ಇವತ್ತ ನನ್ನ ಹೆಸರು ತಗೊಂಡ್ರು ಅಂತ."