ಸುವಾರ್ತಿಕನ ಹೆಂಡತಿಯ ಕೈ

ಮೊದಲ ಕಲ್ಲು ಬಿದ್ದಾಗ ನಾವು ಎರಡನೆಯ ಕೀರ್ತನೆ ಹಾಡುತ್ತಿದ್ದೆವು. ತಗಡು ಪತ್ರಾಸಿನ ಮಾಡಿನ ಮೇಲೆ ಅದು ಬಿದ್ದ ಸದ್ದಿಗೆ ಮಾಡೇ ಕುಸಿಯಿತು ಎಂದುಕೊಂಡೆ. ಎರಡನೆಯದು ಕಿಟಕಿಯಿಂದ ಒಳಗೆ ಬಂದು ಮುಂದೆ ಕೂತಿದ್ದ ಹೆಂಗಸಿನ ಹಣೆಗೆ ಬಡಿಯಿತು. ಹಾಡು ನಿಂತಿತು. ಹೊರಗೆ ಗಂಡಸರ ಕೂಗು ಕೇಳಿಸಿತು.

ನಾನು ಧಾರವಾಡದಲ್ಲಿ ನರ್ಸ್ ಆಗಿದ್ದೆ. ಮಾಳಮಡ್ಡಿಯಲ್ಲಿ ನಮ್ಮ ಮನೆ. ಅಜ್ಜನ ಕಾಲದಿಂದಲೂ ನಾವು ಕ್ರೈಸ್ತರು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡ ವಲಯದ ಹಳೆಯ ಸಭೆಗಳೆಲ್ಲ, ಅಂದರೆ ಚರ್ಚುಗಳೆಲ್ಲ ಸೇರಿ, ಸುತ್ತಲಿನ ಹಳ್ಳಿಗಳಲ್ಲಿ ಹೊಸ ಸಭೆಗಳನ್ನು ಕಟ್ಟಬೇಕೆಂದು ಒಂದು ಸಮಿತಿ ಮಾಡಿಕೊಂಡವು. ಗಾಯಕ್ಕೆ ಪಟ್ಟಿ ಕಟ್ಟಬಲ್ಲವಳು, ಹಳ್ಳಿಯ ಹೆಂಗಸರೊಡನೆ ಮಾತಾಡಬಲ್ಲವಳು ಎಂದು ನನ್ನನ್ನೂ ಅದರಲ್ಲಿ ಸೇರಿಸಿದರು. ತಿಂಗಳಿಗೊಂದು ರವಿವಾರ ಹಳ್ಳಿಗೆ ಹೋಗಿ ಆರಾಧನೆಯಲ್ಲಿ ಕೂತು ಬಂದು, ಒಂದು ವರದಿ ಬರೆಯಬೇಕಿತ್ತು. ವರದಿಯ ಹಾಳೆಯ ಮೇಲೆ ‘ಸಭೆಯ ಆರೋಗ್ಯ’ ಎಂದು ಅಚ್ಚು ಹಾಕಿಸಿದ್ದರು. ಎಷ್ಟು ಜನ ಬಂದಿದ್ದರು, ಯಾರು ಪ್ರಾರ್ಥಿಸಿದರು, ಮಕ್ಕಳಿಗೆ ಪಾಠ ಆಯಿತೇ, ಇಂಥ ಪ್ರಶ್ನೆಗಳು. ಹತ್ತು ವರ್ಷ ನಾನು ಆ ಹಾಳೆಗಳನ್ನು ತುಂಬಿದೆ.

ಕಲ್ಲು ಬಿದ್ದ ಸಭೆ ಅಮ್ಮಿನಬಾವಿ ದಾಟಿ ಇನ್ನೂ ಮುಂದಿನ ಒಂದು ಸಣ್ಣ ಹಳ್ಳಿಯಲ್ಲಿತ್ತು. ಆಗ ಎರಡು ಸಾವಿರದ ಇಸವಿ ದಾಟಿತ್ತು. ಹನ್ನೊಂದು ಮನೆತನಗಳ ಸಭೆ. ಒಬ್ಬ ವಿಧವೆ ಮುದುಕಿ ತನ್ನ ಮನೆಯ ಪಕ್ಕದ ಜಾಗ ಕೊಟ್ಟಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅಲ್ಲಿ ಪತ್ರಾಸು ಹೊದೆಸಿ ಪ್ರಾರ್ಥನಾ ಮನೆ ಮಾಡಿದ್ದರು. ಅದರ ಹಿಂದಿನ ಒಂದೇ ಕೋಣೆಯಲ್ಲಿ, ಸಭೆ ನಡೆಸಲು ಸಮಿತಿ ಕಳಿಸಿದ ಸುವಾರ್ತಿಕ ಮತ್ತು ಅವನ ಹೆಂಡತಿ ಇದ್ದರು. ಅವನಿಗೆ ಮೂವತ್ತರ ಮೇಲೆ ವಯಸ್ಸು, ಒಳ್ಳೆಯ ಕಂಠ. ಅವನು ಬಂದ ಮೇಲೆಯೇ ಆ ಸಭೆ ಬೆಳೆದದ್ದು. ನನ್ನ ವರದಿಗಳಲ್ಲೆಲ್ಲ ಅವನನ್ನು ಹೊಗಳಿದ್ದೇನೆ.

ಆ ದಿನ ಅವನ ಹೆಂಡತಿ ಆರಾಧನೆಗೆ ಬಂದಿರಲಿಲ್ಲ. ಕೇಳಿದ್ದಕ್ಕೆ, “ಮೈ ಸುಡಾಕತ್ತೈತ್ರಿ, ಮಲಗ್ಯಾಳ” ಎಂದಿದ್ದ.

ಹೊರಗೆ ಹದಿನೈದು ಜನರಾದರೂ ಇದ್ದರು. ಕೆಲವರು ಊರಿನವರೇ, ಕೆಲವರು ಜೀಪಿನಲ್ಲಿ ಬಂದವರು. ಸುವಾರ್ತಿಕ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ ಚೌಕಟ್ಟು ಹಿಡಿದ. “ಒಳಗ ಹೆಣ್ಮಕ್ಕಳದಾರ. ನನಗ ಹೊಡೀರಿ” ಎಂದ. ಅವರು ಹೊಡೆದರು. ಮೊದಲ ಬಡಿಗೆ ಭುಜಕ್ಕೆ, ಎರಡನೆಯದು ತಲೆಗೆ. ನೆತ್ತಿ ಸೀಳಿ ರಕ್ತ ಕಣ್ಣಿಗೆ ಇಳಿದರೂ ಅವನು ಚೌಕಟ್ಟು ಬಿಡಲಿಲ್ಲ. ಬೆರಳುಗಳ ಮೇಲೆ ಹೊಡೆದಾಗ ಬಿಟ್ಟ. ಅವನನ್ನು ಅಂಗಳಕ್ಕೆ ಎಳೆದು ಒದ್ದರು. ಒಳಗೆ ನುಗ್ಗಿದವರು ಬೆಂಚು ಮುರಿದರು, ಸತ್ಯವೇದಗಳನ್ನು ಹರಿದು ಎಸೆದರು. ನಾನು ಮಕ್ಕಳನ್ನು ಮೂಲೆಗೆ ತಳ್ಳಿ ಅವರ ಮೇಲೆ ಬಗ್ಗಿ ನಿಂತೆ. ಬೆನ್ನಿಗೆ ಒಂದು ಏಟು ಬಿತ್ತು. ತಿರುಗಿ ನೋಡಿದರೆ, ಹಿಂದಿನ ತಿಂಗಳಷ್ಟೇ ನಾನು ಯಾರ ತಾಯಿಯ ಕಾಲಿನ ಹುಣ್ಣು ತೊಳೆದಿದ್ದೆನೋ ಅವನೇ ಬಡಿಗೆ ಹಿಡಿದಿದ್ದ. ನನ್ನ ಮುಖ ಕಂಡು ಅವನು ಬೇರೆ ಕಡೆ ಹೋದ.

ಗಲಾಟೆ ನಿಲ್ಲಿಸಿದವನು ಎದುರು ಮನೆಯ ರೈತ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಹಿರಿಯ. ನಮ್ಮ ಹಾಡಿನಿಂದ ತನ್ನ ರವಿವಾರದ ನಿದ್ದೆ ಕೆಡುತ್ತದೆಂದು ಬೈಯುತ್ತಿದ್ದವನು. ಟ್ರ್ಯಾಕ್ಟರನ್ನು ಸೀದಾ ಅಂಗಳಕ್ಕೆ ನುಗ್ಗಿಸಿ, “ಹೆಣ್ಮಕ್ಕಳಿದ್ದಲ್ಲಿ ಬಡಿಗಿ ತಗೊಂಡ ಬಂದೀರಲ್ಲ, ನಿಮ್ಮ ಮನ್ಯಾಗ ಯಾರೂ ಇಲ್ಲೇನ? ಸರೀರಿ, ಇಲ್ಲಾಂದ್ರ ಹಾಯಿಸಿಬಿಡ್ತೇನಿ” ಎಂದ. ಅವರು ಬೈಯುತ್ತ ಹಿಂದೆ ಸರಿದರು. ಜೀಪು ಹೋಯಿತು.

ಸುವಾರ್ತಿಕನ ತಲೆಗೆ ನನ್ನ ಸೆರಗು ಒತ್ತಿ ರಕ್ತ ನಿಲ್ಲಿಸಿ, ಅವನ ಹೆಂಡತಿಯನ್ನು ನೋಡಲು ಹಿಂದಿನ ಕೋಣೆಗೆ ಓಡಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಎಡಗೈ ಮೇಲ್ತೋಳಿನಲ್ಲಿ ಮುರಿದು ತೂಗುತ್ತಿತ್ತು. ಬಾವು ಆಗಲೇ ಗಟ್ಟಿಯಾಗಿ ಕಪ್ಪಿಟ್ಟಿತ್ತು. ಆ ಕೋಣೆಗೆ ಕಿಟಕಿ ಇರಲಿಲ್ಲ.

“ಏನಾತವ್ವಾ?” ಎಂದೆ.

“ಕಲ್ಲ ಬಿತ್ರಿ.”

ನಾನು ನೆಲ ನೋಡಿದೆ. ಅಲ್ಲಿ ಕಲ್ಲು ಇರಲಿಲ್ಲ. ಅವಳು ನನ್ನ ಕಣ್ಣು ತಪ್ಪಿಸಿದಳು.

ರೈತನ ಟ್ರ್ಯಾಕ್ಟರಿನಲ್ಲಿ ಇಬ್ಬರನ್ನೂ, ಹಣೆ ಒಡೆದ ಹೆಂಗಸನ್ನೂ ಸತ್ತೂರಿನ ಆಸ್ಪತ್ರೆಗೆ ಸಾಗಿಸಿದೆವು. ಅವನ ತಲೆಗೆ ಹದಿನಾಲ್ಕು ಹೊಲಿಗೆ ಬಿದ್ದವು. ಅವಳ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದ ತರುಣ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

“ಸಿಸ್ಟರ್, ಪೆಟ್ಟು ಬಿದ್ದು ಮುರದದ್ದಲ್ಲ ಇದು. ಹಿಡದು ತಿರುವ್ಯಾರ. ಮತ್ತ ಇಲ್ಲಿ ನೋಡ್ರಿ, ಪಕ್ಕೆಲುಬಿನ್ಯಾಗ ಎರಡು ಹಳೇ ಮುರಿತ ಕೂಡ್ಯಾವ.”

ನನಗೆ ಎಲುಬು ಓದಲು ಬರುತ್ತಿತ್ತು. ಒದ್ದೆ ಬಟ್ಟೆ ಹಿಂಡಿದಂತೆ ಗೆರೆ ಸುತ್ತಿಕೊಂಡು ಹೋಗಿತ್ತು.

ಪೊಲೀಸ್ ಠಾಣೆಯಿಂದ ಫೌಜದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ಕಲ್ಲು ಬಿದ್ದು ಹೆಂಡತಿಯ ಕೈ ಮುರಿಯಿತೆಂದು ಸುವಾರ್ತಿಕ ಹೇಳಿದ. ಅವಳು ಹೌದೆಂಬಂತೆ ತಲೆ ಆಡಿಸಿದಳು. ಅವರು ನನ್ನತ್ತ ತಿರುಗಿ, “ನೀವು ಅಲ್ಲೇ ಇದ್ರಿ ಅಲ್ರೀ ಬಾಯಾರ?” ಎಂದರು. ವಾರ್ಡಿನ ಹೊರಗೆ ಹುಬ್ಬಳ್ಳಿಯಿಂದ, ಧಾರವಾಡದಿಂದ ಬಂದ ನಮ್ಮ ಜನ ತುಂಬಿದ್ದರು. ಹೆಂಗಸರು ಅಳುತ್ತಿದ್ದರು. ನನ್ನ ಸೆರಗು ಅವನ ರಕ್ತದಿಂದ ಇನ್ನೂ ಒದ್ದೆಯಾಗಿತ್ತು. ಅವನು ಬಾಗಿಲಲ್ಲಿ ನಿಂತು ನಮಗಾಗಿ ಹೊಡೆತ ತಿಂದದ್ದು ಸುಳ್ಳಲ್ಲ. ನಾನು “ಹೌದ್ರಿ” ಎಂದು ಸಹಿ ಮಾಡಿದೆ.

ಅದರ ನಂತರದ ವಾರಗಳಲ್ಲಿ ಅವನನ್ನು ವಲಯದ ಎಲ್ಲ ಸಭೆಗಳಿಗೂ ಕರೆದರು. ಹೊಲಿಗೆಯ ಗುರುತು ಕಾಣುವಂತೆ ತಲೆ ಬಾಗಿಸಿ ಅವನು ಮಾತಾಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡ ಅವಳು. ಹುಬ್ಬಳ್ಳಿಯ ಒಂದು ಸಭೆಯಲ್ಲಿ ನಾನೂ ಕೂತಿದ್ದೆ. “ನನ್ನ ಹೆಂಡತಿಯ ಕೈಯನ್ನು ಅವರು ಮುರಿದರು. ನಾನು ಅವರನ್ನು ಕ್ಷಮಿಸಿದ್ದೇನೆ” ಎಂದ. ಜನ ಕಣ್ಣೊರೆಸಿಕೊಂಡರು. ಅವಳು ಮಾತ್ರ ನೆಲದ ಮೇಲೆ ನೆಟ್ಟ ದೃಷ್ಟಿ ಎತ್ತಲಿಲ್ಲ. ನನಗೆ ಎದ್ದು ಅವನ ಬಾಯಿಗೆ ಹೊಡೆಯಬೇಕೆನ್ನಿಸಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ನನ್ನ ತಂದೆಯ ಸ್ನೇಹಿತರು. ಅವರ ಮನೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಎದ್ದು ಬೀದಿಯ ಬಾಗಿಲು ಮುಚ್ಚಿ ಬಂದರು.

“ಖರೇ ಇರಬಹುದವ್ವಾ. ಆದ್ರ ಈಗ ಹೇಳಿದ್ರ ಹೊಡದವ್ರು ನಗ್ತಾರ. ಅವ್ರ ಮ್ಯಾಲಿನ ಕೇಸು ಬಿದ್ದ ಹೋಗತೈತಿ. ಸ್ವಲ್ಪ ದಿನಾ ತಡಿ.”

“ಆಕಿ ತಡೀತಾಳೇನ್ರಿ?” ಎಂದೆ.

ಮರುದಿನ ಮಧ್ಯಾಹ್ನ ರಜೆ ಹಾಕಿ, ಯಾರಿಗೂ ತಿಳಿಸದೆ ಆ ಹಳ್ಳಿಯ ಬಸ್ಸು ಹತ್ತಿದೆ.

ಅಂಗಳದಲ್ಲಿ ಆಯಿ ನಿಂತಿದ್ದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಹಿಂದಿನ ಕೋಣೆಯಿಂದ ಬೆಲ್ಟಿನ ಸದ್ದು ಬರುತ್ತಿತ್ತು, ನಡುನಡುವೆ ಅವನ ದನಿ.

“ಎಲ್ಲಾರ ಮುಂದ ಕಲ್ಲಿನಂಗ ಕುಂಡರ್ತಿ. ಒಂದ ಹನಿ ಕಣ್ಣೀರ ಬರೂದಿಲ್ಲೇನ ನಿನಗ? ಜನ ಏನ ತಿಳೀತಾರ?”

ಬಾಗಿಲು ದೂಡಿದೆ. ಅವಳು ಒಲೆಯ ಹತ್ತಿರ ಮುದುಡಿ ಬಿದ್ದು, ಮುರಿದ ಕೈಯನ್ನು ಮೈಯಡಿಗೆ ಅಡಗಿಸಿಕೊಂಡಿದ್ದಳು. ರವಿಕೆ ಬೆನ್ನಿನ ಮೇಲೆ ಹರಿದು ರಕ್ತಕ್ಕೆ ಅಂಟಿತ್ತು. ಅವನು ನನ್ನನ್ನು ನೋಡಿದ. ಕೈ ನಿಲ್ಲಲಿಲ್ಲ, ಮತ್ತೊಂದು ಏಟು ಹಾಕಿದ. ನಾನು ನೋಡಿಯೂ ಏನೂ ಮಾಡುವವಳಲ್ಲವೆಂದು ಅವನಿಗೆ ಆಸ್ಪತ್ರೆಯಲ್ಲೇ ತಿಳಿದಿತ್ತು.

ಒಲೆಯ ಬದಿಗೆ ಕಬ್ಬಿಣದ ಊದುಗೊಳವಿ ಇತ್ತು. ಎತ್ತಿಕೊಂಡೆ. ಎಲ್ಲಿ ಹೊಡೆದರೆ ಕೈ ಕೆಲಸ ನಿಲ್ಲಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಬೆಲ್ಟು ಎತ್ತಿದ ಮಣಿಕಟ್ಟಿಗೆ ಬೀಸಿದೆ. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಅವನು ಚೀರಿ ಮೊಣಕಾಲೂರಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬೆಲ್ಟು ಕೈಯಿಂದ ಜಾರಿತ್ತು, ಅವನಿಂದ ಇನ್ನು ಯಾರಿಗೂ ಅಪಾಯ ಇರಲಿಲ್ಲ. ನಾನು ಮತ್ತೆ ಹೊಡೆದೆ, ಭುಜಕ್ಕೆ. ಮತ್ತೊಮ್ಮೆ ಬೆನ್ನಿಗೆ. ಆ ಹೊತ್ತಿನಲ್ಲಿ ನನಗಾದ ಸುಖವನ್ನು ಇಲ್ಲಿ ಬರೆಯದೇ ಹೋದರೆ ಇದನ್ನೆಲ್ಲ ಬರೆದೂ ಉಪಯೋಗವಿಲ್ಲ. ನಾಲ್ಕನೆಯ ಸಲ ಎತ್ತಿದಾಗ ಆಯಿ ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದಳು.

“ಸಾಕ್ರಿ ಅಕ್ಕಾರ. ಸತ್ತ ಹೋಗ್ತಾನ. ಸಾಕ್ರಿ.”

ಅವನು ನೆಲದ ಮೇಲಿಂದಲೇ, “ದೇವರ ಸೇವಕನ ಮ್ಯಾಲ ಕೈ ಮಾಡೀರಿ. ನಿಮಗ ಛಲೋ ಆಗೂದಿಲ್ಲ” ಎಂದ.

ನಾನು ಊದುಗೊಳವಿ ಕೆಳಗಿಟ್ಟೆ. ಒಲೆಯ ಮುಂದಿನ ಕಟ್ಟಿಗೆಯಲ್ಲಿ ಎರಡು ತೆಳು ಸೀಳು ಆರಿಸಿ, ಆಯಿಯ ಹಳೆಯ ಸೀರೆ ಹರಿದು, ನಾನೇ ಮುರಿದ ಮಣಿಕಟ್ಟನ್ನು ಕಟ್ಟಿದೆ. ಅವನು ಹಲ್ಲು ಕಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವಳ ಬೆನ್ನು ತೊಳೆದೆ. ಅವಳು ಎದ್ದು ಒಂದೇ ಕೈಯಿಂದ ಎರಡು ಸೀರೆ, ಒಂದು ತಟ್ಟೆ, ತನ್ನ ಸತ್ಯವೇದ ತೆಗೆದು ಚಾದರದ ಮೇಲಿಟ್ಟಳು.

“ಅಕ್ಕಾರ, ನನಗ ಒಂದ ಕೈಲೆ ಕಟ್ಟಾಕ ಬರೂದಿಲ್ಲ. ಗಂಟ ನೀವ ಕಟ್ರಿ” ಎಂದಳು.

ಕಟ್ಟಿದೆ. ಬಸ್ಸಿನಲ್ಲಿ ಅವಳು ಸೀಟಿಗೆ ಬೆನ್ನು ತಾಗಿಸದೆ ಧಾರವಾಡದವರೆಗೂ ನೆಟ್ಟಗೆ ಕೂತಿದ್ದಳು.

ಸಮಿತಿಯ ಸಭೆಯನ್ನು ನಾನೇ ಕರೆಸಿದೆ. ಆಸ್ಪತ್ರೆಯಿಂದ ತಂದ ಅವಳ ಎಕ್ಸ್-ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಮುರಿತಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಪೊಲೀಸರಿಗೆ ಸುಳ್ಳು ಹೇಳಿದ್ದನ್ನೂ, ಅವನ ಮಣಿಕಟ್ಟು ಮುರಿದದ್ದನ್ನೂ ಹೇಳಿದೆ. ಒಬ್ಬರು ಮೇಜು ಗುದ್ದಿ, “ನೀವು ಸಭಾ ಒಡದ್ರಿ” ಎಂದರು. ಅಧ್ಯಕ್ಷರು ಎದ್ದು ಕಿಟಕಿಯ ಹತ್ತಿರ ಬಂದರು. ಹಳೆಯ ಪಕ್ಕೆಲುಬಿನ ಗುರುತಿನ ಮೇಲೆ ತಮ್ಮ ಬೆರಳಿಟ್ಟು, “ಇದು ಯಾವಾಗಿಂದು?” ಎಂದು ಕೇಳಿದರು. ನಾನು ಆ ಹಳ್ಳಿಯ ಸಭೆಗೆ ಹೋಗಲು ಸುರುಮಾಡಿದ ಮೇಲಿನದೇ, ಅವಳೇ ಹೇಳಿದ್ದಾಳೆ ಎಂದೆ. ನಾನು ಅಲ್ಲೇ ಕೂತು ‘ಸಭೆಯ ಆರೋಗ್ಯ ಉತ್ತಮ’ ಎಂದು ಬರೆದ ದಿನಗಳವು.

ಅವನನ್ನು ಸೇವೆಯಿಂದ ತೆಗೆದರು. ನನ್ನನ್ನೂ ಸಮಿತಿಯಿಂದ ತೆಗೆದರು. ಅದು ಸರಿಯೇ ಎಂದು ಇಂದಿಗೂ ಅಂದುಕೊಳ್ಳುತ್ತೇನೆ. ಹೇಳಿಕೆ ಬದಲಿಸಲು ಠಾಣೆಗೆ ಹೋದಾಗ ಫೌಜದಾರರು ಪೆನ್ನು ಕೆಳಗಿಟ್ಟು, “ಬಾಯಾರ, ನೀವ ಒಂದ ಸುಳ್ಳ ಹೇಳಿದ್ಮ್ಯಾಲ ಉಳಿದದ್ದು ಖರೇ ಅಂತ ಯಾರ ನಂಬ್ತಾರ?” ಎಂದರು. ಅವರು ಹೇಳಿದಂತೆಯೇ ಆಯಿತು. ನಮ್ಮ ಮೇಲೆ ಕೈ ಮಾಡಿದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಹುಬ್ಬಳ್ಳಿಯ ಎಷ್ಟೋ ಜನ ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಒಂದು ಬೆಳಿಗ್ಗೆ ಅವನು ಮಾಳಮಡ್ಡಿಗೆ ಬಂದ. ಕಬ್ಬಿಣದ ಗೇಟನ್ನು ಎಡಗೈಯಿಂದ ಅಲುಗಾಡಿಸುತ್ತ ನಿಂತಿದ್ದ. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು.

“ನನ್ನ ಹೇಂತಿ ಎಲ್ಲದಾಳ?”

“ಗೊತ್ತೈತಿ. ಹೇಳೂದಿಲ್ಲ.”

ಅವನು ಗೇಟಿನ ಸರಳಿಗೆ ತನ್ನ ಹಣೆ ಬಡಿದುಕೊಳ್ಳತೊಡಗಿದ. ಮೂರು, ನಾಲ್ಕು, ಐದು ಸಲ. ಹಳೆಯ ಹೊಲಿಗೆಯ ಕೆಳಗೆ ಚರ್ಮ ಒಡೆಯಿತು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಆ ದಿನ ಪಟ್ಟಿಯ ಚೀಲ ತೆಗೆಯಲು ಒಳಗೆ ಹೋಗಲಿಲ್ಲ. ಪಕ್ಕದ ಮನೆಯವರು ಬಂದು ಅವನನ್ನು ಹಿಡಿದು ಬಸ್ಸು ಹತ್ತಿಸಿದರು. ಮತ್ತೆ ಅವನು ಬರಲಿಲ್ಲ.

ಹಳ್ಳಿಯ ಹನ್ನೊಂದು ಮನೆತನಗಳಲ್ಲಿ ನಾಲ್ಕು ಉಳಿದವು. ಆಯಿ ಪ್ರತಿ ರವಿವಾರ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಳು. ಓದಲು ಬಾರದ ಅವಳು ಪ್ರಾರ್ಥನೆ ಮಾತ್ರ ಮಾಡುತ್ತಿದ್ದಳು. ವರ್ಷದ ನಂತರ ಸಮಿತಿ ಅಲ್ಲಿಗೆ ಹೊಸ ಸುವಾರ್ತಿಕನನ್ನು ಕಳಿಸಿತು. ಕಳಿಸುವ ಮೊದಲು ಅಧ್ಯಕ್ಷರು ಆ ಹೊಸಬನ ಹೆಂಡತಿಯನ್ನು ನನ್ನ ಮನೆಗೆ ಕರೆತಂದು, “ನೀನ ಮಾತಾಡಸವ್ವಾ, ನಾ ಹೊರಗ ಇರ್ತೇನಿ” ಎಂದು ಅಂಗಳದಲ್ಲಿ ಕೂತರು.

ಗಂಡನನ್ನು ಬಿಟ್ಟು ನನ್ನೊಡನೆ ಬಂದವಳಿಗೆ ಹುಬ್ಬಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳ ಮೇಲೆ ನೋಡಲು ಹೋದೆ. ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಸ್ವಲ್ಪ ನಿಧಾನ. ತಲೆ ಎತ್ತದೆಯೇ ಹೇಳಿದಳು:

“ಅಕ್ಕಾರ, ಒಂದ ಮಾತ. ನೀವ ಫೌಜದಾರರ ಮುಂದ ಹೌದ್ರಿ ಅಂದ್ರಿ ಅಲ್ಲಾ, ಅವತ್ತ ನಿಮ್ಮನ್ನ ಕೊಲ್ಲಬೇಕ ಅನಿಸಿತ್ತ ನನಗ. ಅವನ್ನಲ್ಲ, ನಿಮ್ಮನ್ನ.”

“ತಪ್ಪಾತವ್ವಾ” ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಕ್ಷಮಿಸಿದೆ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯೆ ಹಾಕಿ ನನ್ನ ಮುಂದಿಟ್ಟಳು. ಹುಡುಗಿಯರು ಊಟಕ್ಕೆ ಬರುವ ಹೊತ್ತಾಗಿತ್ತು. “ಲಗೂ ಉಣ್ರಿ, ಜಾಗಾ ಬೇಕಾಗತೈತಿ” ಎಂದಳು. ನಾನು ಉಂಡೆ.