ಕುಂಕುಮ ಇಟ್ಟ ಕಂಪ್ಯೂಟರ್

ನಾಳೆ ಮಗಳಿಗೆ ಸ್ಕೂಲಿನ ಮೊದಲ ದಿನ. ಅದೇ ಯೋಚನೆಯಲ್ಲಿ ನನಗೆ ಎರಡು ರಾತ್ರಿಯಿಂದ ನಿದ್ದೆಯೇ ಇಲ್ಲ. ಇವತ್ತು ಅವಳ ಹೊಸ ರಬ್ಬರಿನ ಕವರ್ ಬಿಚ್ಚಿದೆ. ಆ ವಾಸನೆ ನನ್ನನ್ನು ಪೀಣ್ಯದ ಹಳೇ ಮನೆಗೆ ಎಳೆದೊಯ್ದಿತು.

ಕೆಳಗೆ ಅಪ್ಪನ ಲೇತ್ ವರ್ಕ್‌ಶಾಪು, ಮೇಲೆ ನಾವು. ವರ್ಕ್‌ಶಾಪಿನ ಡ್ರಾಯಿಂಗ್‌ಗಳೆಲ್ಲ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಆಯುಧಪೂಜೆಯ ಮರುದಿನ ಸ್ವಿಚ್ ಹಾಕಿದರೆ ಪರದೆ ಕಪ್ಪು. ಕಂಪ್ಯೂಟರಿನ ಡಬ್ಬದೊಳಗಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ.

“ಏನ್ ಮಾಡ್ದೆ ಕಣೇ ಇದಕ್ಕೆ?” ಎಂದರು ಅಪ್ಪ.

“ಲೇತಿಗೆ ಮಾಡ್ದಂಗೇ ಪೂಜೆ ಮಾಡ್ದೆ ಕಣ್ರೀ. ಅರಿಶಿನ, ಕುಂಕುಮ, ಒಂಚೂರು ನೀರು,” ಎಂದಳು ಅಮ್ಮ.

ಅಪ್ಪ ಡಬ್ಬ ಬಿಚ್ಚಿ ಮೆಮೊರಿ ಪಟ್ಟಿಯನ್ನು ಹೊರತೆಗೆದರು. ಅದರ ಚಿನ್ನದ ಬಣ್ಣದ ಅಂಚಿಗೆ ಕುಂಕುಮ ಮೆತ್ತಿತ್ತು.

“ಪುಟ್ಟಿ, ನಿನ್ ರಬ್ಬರ್ ಕೊಡಮ್ಮ,” ಎಂದು ನನ್ನತ್ತ ಕೈಚಾಚಿದರು.

ಅದರಿಂದ ಕುಂಕುಮ ಉಜ್ಜಿ ತೆಗೆಯುವಾಗ ಅವರ ಕೈ ನಡುಗುತ್ತಿತ್ತು. ಕಬ್ಬಿಣ ಕೊರೆಯುವ ಆ ಕೈ ನಡುಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೆಟ್ಟ ಕಂಪ್ಯೂಟರಿಗಿಂತ ಅದಕ್ಕೇ ಹೆಚ್ಚು ಹೆದರಿದೆ.

ಪಟ್ಟಿಯನ್ನು ಮತ್ತೆ ಕೂರಿಸಿದಾಗ ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು ಓಡಿತು. ಅಮ್ಮ ಕೈಮುಗಿದಳು. “ಮುಗಿ, ಆದ್ರೆ ದೂರದಿಂದ ಮುಗಿ!” ಎಂದರು ಅಪ್ಪ.

“ಅಮ್ಮಾ, ನನ್ ರಬ್ಬರ್,” ಎಂದು ಈಗ ಮಗಳು ಕೈಚಾಚಿದಳು. ನನ್ನ ಕೈ ನಡುಗುವುದು ಅವಳಿಗೆ ಕಾಣಬಾರದೆಂದು, ರಬ್ಬರನ್ನು ನಾನೇ ಅವಳ ಬ್ಯಾಗಿನೊಳಗೆ ಹಾಕಿದೆ.