ಚಪ್ಪಲಿ ಪೆಟ್ಟಿಗೆಯ ಮೇಲೆ ಕೂತ ದೊಡ್ಡಪ್ಪ

ಆಗೆಲ್ಲ ಗುಬ್ಬಿಯ ನಮ್ಮ ಬೀದಿಯಲ್ಲಿ ಯಾವ ಮನೆಗೆ ಹೋದರೂ ಮೊದಲು ಜಗಲಿ, ಆಮೇಲೆ ಬಾಗಿಲು. ಜಗಲಿ ಇದ್ದ ಮನೆಯಲ್ಲಿ ಬೆಳೆದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಬೀದಿಗೆ ಮುಖ ಮಾಡಿದ, ಮಂಡಿಯೆತ್ತರದ ಕಲ್ಲುಕಟ್ಟೆ, ಅಷ್ಟೇ. ನಮ್ಮದರ ಮೇಲೆ ಯಾವ ಕಾಲದಲ್ಲೋ ಯಾರೋ ಚೌಕಾಬಾರದ ಮನೆ ಕೆತ್ತಿದ್ದರು. ನಾನೂ ತಮ್ಮ ಮಹೇಶನೂ ಹುಣಸೆಬೀಜ ಉಜ್ಜಿ ದಾಳ ಮಾಡಿಕೊಂಡು ಆಟಕ್ಕಿಂತ ಜಾಸ್ತಿ ಜಗಳ ಆಡುತ್ತಿದ್ದೆವು. ಬಿಸಿಲು ಏರಿದರೆ ಅಮ್ಮ ನಮ್ಮನ್ನು ಎಬ್ಬಿಸಿ ಅದೇ ಕಲ್ಲಿನ ಮೇಲೆ ಸಂಡಿಗೆ ಹಾಕುತ್ತಿದ್ದಳು. ಸಂಜೆ ಅಜ್ಜಿ ಒಂದು ಚೊಂಬು ನೀರು ಎರಚಿದರೆ ಕಾದ ಕಲ್ಲಿನಿಂದ ಮೊದಲ ಮಳೆಯ ಥರದ ವಾಸನೆ ಬರುತ್ತಿತ್ತು.

ಅಲ್ಲಿ ಕೂರಲು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಳೆಗಾರ ಕೂರುತ್ತಿದ್ದ, ಬಸ್ಸು ತಪ್ಪಿದವರು ಕೂರುತ್ತಿದ್ದರು. ಸೋಮವಾರ ಬೆಳಿಗ್ಗೆ ಮಾತ್ರ ಆ ಜಾಗ ನಮ್ಮ ದೊಡ್ಡಪ್ಪನದು.

ದೊಡ್ಡಪ್ಪ ಅಂದರೆ ಅಪ್ಪನ ಒಡಹುಟ್ಟಿದ ಅಣ್ಣ. ಇದ್ದದ್ದು ಬೆಳ್ಳಾವಿಯ ಕಡೆ, ತೋಟದ ಮನೆಯಲ್ಲಿ. ಅಣ್ಣ ತಮ್ಮ ಬೇರೆಯಾದಾಗ ಅವರಿಗೆ ಪಾಲಿನ ಬಗ್ಗೆ ತಕರಾರಿರಲಿಲ್ಲ. ತಕರಾರು ಬಂದದ್ದು ಅಜ್ಜಿಯ ವಿಷಯಕ್ಕೆ. ಅಜ್ಜಿ, "ನಾನು ಚಿಕ್ಕೋನ ಹತ್ರ ಇರ್ತೀನಿ ಕಣಪ್ಪ, ಗುಬ್ಬಿ ಬಿಟ್ಟು ಎಲ್ಲಿಗೂ ಬರಾಕಿಲ್ಲ" ಅಂದಳಂತೆ. ಹಿರಿಮಗನ ಮುಖಕ್ಕೆ ಹೊಡೆದ ಹಾಗಾಯಿತು. "ಹಂಗಾದ್ರೆ ಯಡಿಯೂರು ಸಿದ್ಧಲಿಂಗಪ್ಪನಾಣೆ, ನಿಮ್ಮ ಹೊಸ್ತಿಲು ತುಳಿಯಲ್ಲ" ಎಂದು ಎದ್ದು ಹೋದವರು ಅಪ್ಪನ ಜೊತೆ ಮಾತನ್ನೂ ಬಿಟ್ಟರು.

ಆಣೆ ಇಟ್ಟದ್ದು ಹೊಸ್ತಿಲಿಗೆ. ಜಗಲಿಗೆ ಇಟ್ಟಿರಲಿಲ್ಲವಲ್ಲ! ಹಾಗಾಗಿ ಪ್ರತಿ ಸೋಮವಾರ ದೇವಸ್ಥಾನಕ್ಕೆ ಬಂದವರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಮೊಪೆಡ್ಡಿನಲ್ಲಿ ಸೀದಾ ನಮ್ಮ ಜಗಲಿಗೆ ಬರುತ್ತಿದ್ದರು. ಚೀಲದಲ್ಲಿ ಎಳನೀರೋ ಹಲಸಿನ ತೊಳೆಯೋ ಇರುತ್ತಿತ್ತು. ಅಜ್ಜಿ ಹೊಸ್ತಿಲ ಒಳಗೆ ಕಾಲು ಚಾಚಿ ಕೂರುತ್ತಿದ್ದಳು, ಅವರು ಹೊರಗೆ ಕಟ್ಟೆಯ ಮೇಲೆ. ಅಮ್ಮ ಕೊಟ್ಟ ಕಾಫಿ ಅಜ್ಜಿಯ ಕೈಯಿಂದ ಹೊಸ್ತಿಲು ದಾಟುತ್ತಿತ್ತು. ಅಷ್ಟು ಹೊತ್ತೂ ಅಪ್ಪ ಒಳಕೋಣೆಯಲ್ಲಿ ಪೇಪರ್ ಹಿಡಿದುಕೊಂಡಿರುತ್ತಿದ್ದರು.

ನನ್ನ ಆರನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಪ್ಪನಿಗೆ ಮನೆಯ ಮುಂಭಾಗದ ಹುಚ್ಚು ಹಿಡಿಯಿತು. ಅವರು ಸಿಮೆಂಟ್ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದರು. ತುಮಕೂರಿನ ಹೊಸ ಬಡಾವಣೆಗಳಲ್ಲಿ ಏಳುತ್ತಿದ್ದ ಮನೆಗಳನ್ನು ದಿನಾ ನೋಡಿ ಬರುವವರು. "ಮನೆ ಅಂದ್ರೆ ಎಂಟ್ರೆನ್ಸ್ ಕಣೇ" ಎಂದು ಅಮ್ಮನಿಗೆ ಪಾಠ ಹೇಳುತ್ತಿದ್ದರು. "ಬಂದೋರು ಮೊದ್ಲು ನೋಡೋದೇ ಅದನ್ನ. ಜಗಲಿ ಒಡ್ದು ಸಿಟ್‌ಔಟ್ ಮಾಡ್ಸೋಣ. ಟೈಲ್ಸು, ಗ್ರಿಲ್ಲು, ಗೋಡೆಗೊಂದು ಕನ್ನಡಿ. ಚಪ್ಪಲಿಗೆ ಒಂದು ಪೆಟ್ಟಿಗೆ, ಅದ್ರ ಮೇಲೇ ಕೂತು ಶೂ ಹಾಕ್ಕೊಬೋದು. ಲುಕ್ಕೂ ಆಯ್ತು, ಉಪಯೋಗಕ್ಕೂ ಆಯ್ತು."

ಅಜ್ಜಿ ಕೇಳಿದ್ದು ಒಂದೇ. "ಸೋಮಾರ ಅವ್ನು ಎಲ್ಲಿ ಕೂತ್ಕೊತಾನ್ಲಾ?"

"ಕುರ್ಚಿ ಹಾಕಿದ್ರಾಯ್ತು ಬುಡವ್ವ" ಅಂದರು ಅಪ್ಪ.

ಕುರ್ಚಿ ಎಲ್ಲಿ ಹಾಕುವುದು ಎಂದು ಅಪ್ಪನೂ ಯೋಚಿಸಲಿಲ್ಲ, ಗಾರೆಯವರೂ ಯೋಚಿಸಲಿಲ್ಲ. ಒಂದೇ ವಾರದೊಳಗೆ ಗ್ರಿಲ್ಲು ಚರಂಡಿಯ ಅಂಚಿಗೇ ಬಂದು ನಿಂತಿತು. ಅದರ ಆಚೆ ಬರೀ ಬೀದಿ. ಈಚೆ ಸಿಟ್‌ಔಟ್ ಎಷ್ಟು ಇಕ್ಕಟ್ಟೆಂದರೆ ಚಪ್ಪಲಿ ಪೆಟ್ಟಿಗೆ ಇಟ್ಟ ಮೇಲೆ ಒಬ್ಬರು ಓಡಾಡುವಷ್ಟೇ ಜಾಗ ಉಳಿಯಿತು. ಚೌಕಾಬಾರದ ಕಲ್ಲನ್ನು ಯಾರೋ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋದರು. ನಾನೂ ಮಹೇಶನೂ ಹೊಸ ಟೈಲ್ಸಿನ ಮೇಲೆ ಜಾರುವ ಆಟ ಕಂಡುಹಿಡಿದದ್ದರಿಂದ ಅದಕ್ಕಾಗಿ ಅಳಲೂ ಇಲ್ಲ.

ಹೊಸ ಗ್ರಿಲ್ಲು ಕೂತ ಮಾರನೇ ಬೆಳಿಗ್ಗೆ ಅಮ್ಮ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಹಾಗೇ ಗ್ರಿಲ್ಲಿನ ಕೆಳಗಿನ ಕಬ್ಬಿಣದ ಪಟ್ಟಿಗೂ ಇಡಲು ಹೋದಳು. ಅಜ್ಜಿ ಒಳಗಿನಿಂದಲೇ ಚೀರಿದಳು. "ಅಲ್ಲಿಗೆ ಬ್ಯಾಡ ಕಣೇ! ತೆಗಿ ಕೈಯ!" ಅಮ್ಮ ಬೆದರಿ ಕೈ ಹಿಂದಕ್ಕೆ ತೆಗೆದುಕೊಂಡಳು. ಯಾಕೆ ಅಂತ ಅಜ್ಜಿ ಹೇಳಲಿಲ್ಲ.

ಸೋಮವಾರ ದೊಡ್ಡಪ್ಪ ಬಂದರು. ಮೊಪೆಡ್ಡಿನಿಂದ ಇಳಿಯಲೇ ಇಲ್ಲ. ಜಗಲಿ ಇದ್ದ ಜಾಗವನ್ನು ನೋಡಿದರು, ಗ್ರಿಲ್ಲನ್ನು ನೋಡಿದರು. "ಬಾರಪ್ಪ" ಎಂದು ಅಜ್ಜಿ ಕರೆದರೆ, "ಎಲ್ಲಿಗೆ ಬರ್ಲವ್ವ?" ಅಂದರು. ಚೀಲವನ್ನು ಗ್ರಿಲ್ಲಿನ ಸರಳಿಗೆ ನೇತುಹಾಕಿ ಹೊರಟುಹೋದರು. ಅಮ್ಮ ತಂದ ಕಾಫಿ ಲೋಟದಲ್ಲೇ ಉಳಿಯಿತು.

ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಜ್ಜಿ ಮಾತ್ರ ಹೊಸ್ತಿಲ ಒಳಗೆ ಕಾಲು ಚಾಚಿ ಕೂತೇ ಇದ್ದಳು. ಮುದ್ದೆ ಮುರಿದು ಹಾಗೇ ತಟ್ಟೆಯಲ್ಲಿ ಬಿಡತೊಡಗಿದಳು. "ಸೇರ್ತಾ ಇಲ್ಲ ಕಣೇ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನಮಗೆ ಭಯವಾಗುತ್ತಿತ್ತು. ಅಪ್ಪ ಮಾತ್ರ ಟೈಲ್ಸು ಒರೆಸಿದ್ದಾರಾ ಇಲ್ಲವಾ ಎಂದು ಎಲ್ಲರ ಮೇಲೂ ರೇಗುತ್ತಿದ್ದರು.

ಕೊನೆಗೆ ಅಜ್ಜಿಯೇ ಬೆಳ್ಳಾವಿ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿಕಳಿಸಿದಳು. ಸೋಮವಾರ ದೊಡ್ಡಪ್ಪ ಬಂದು ಬೀದಿಯಲ್ಲೇ ನಿಂತರು.

"ಗ್ರಿಲ್ ದಾಟು" ಅಂದಳು ಅಜ್ಜಿ.

"ಆಣೆ ಅದೆ ಕಣವ್ವ. ಬೀಗ ಹಾಕೋ ಬಾಗ್ಲು ಅದು. ದಾಟಿದ್ರೆ ಒಳಗೆ ಬಂದಂಗೇ."

"ಹೊಸ್ತಿಲು ಅಂದ್ರೆ ನನ್ ಸೊಸೆ ದಿನಾ ಅರಿಶ್ನ ಕುಂಕ್ಮ ಇಡೋದು. ಆ ಕಬ್ಬಿಣಕ್ಕೆ ಯಾರಾದ್ರೂ ಇಟ್ಟವ್ರಾ? ಬಗ್ಗಿ ನೋಡು."

ಅಷ್ಟು ದೊಡ್ಡ ಮನುಷ್ಯ ಪಂಚೆ ಎತ್ತಿಕಟ್ಟಿ ನಿಜಕ್ಕೂ ಬಗ್ಗಿ ನೋಡಿದರು. ಬೆರಳಲ್ಲಿ ಒರೆಸಿಯೂ ನೋಡಿದರು. ಬರೀ ಧೂಳು. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಅಜ್ಜಿಯನ್ನೇ ನೋಡುತ್ತಿದ್ದಳು. ದೊಡ್ಡಪ್ಪ ಚಪ್ಪಲಿ ಬಿಟ್ಟು ಗ್ರಿಲ್ಲು ದಾಟಿದರು. ಕೂರಲು ಅಲ್ಲಿದ್ದದ್ದು ಚಪ್ಪಲಿ ಪೆಟ್ಟಿಗೆ ಒಂದೇ. ಕೂತರು.

ಮಹೇಶನ ಬಾಯಿಗೆ ಬೀಗ ಎಲ್ಲಿತ್ತು? ಒಳಗೆ ಓಡಿ, "ಅಪ್ಪಾ, ದೊಡ್ಡಪ್ಪ ಚಪ್ಪಲಿ ಮೇಲೆ ಕೂತವ್ರೆ!" ಎಂದು ಕೂಗಿದ.

ಅಪ್ಪ ಪೇಪರ್ ಎಸೆದು ಹೊಸ್ತಿಲವರೆಗೆ ಬಂದರು. ಮುಖ ಕಪ್ಪಿಟ್ಟಿತ್ತು. "ಏಳಣ್ಣ ಅಲ್ಲಿಂದ. ಚಪ್ಪಲಿ ಪೆಟ್ಟಿಗೆ ಅದು." ವರ್ಷಗಳ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು.

"ಗೊತ್ತು ಕಣೋ. ಜಗಲಿ ಒಡೆಸೋವಾಗ ನಿಂಗೆ ಗೊತ್ತಿರ್ಲಿಲ್ವಾ, ಅವ್ವನ ನೋಡಾಕೆ ಬರೋನು ಎಲ್ಲಿ ಕೂತ್ಕೊತಾನೆ ಅಂತ?"

ಅಪ್ಪ ಹೊಸ್ತಿಲು ದಾಟಿ ಬಂದು ಅಣ್ಣನ ಕಾಲ ಹತ್ತಿರ ನೆಲಕ್ಕೆ ಕೂತು, ಪೆಟ್ಟಿಗೆಯ ಬಾಗಿಲು ತೆಗೆದರು. ಅಮ್ಮನ ಹವಾಯಿ ಚಪ್ಪಲಿ, ನನ್ನ ಸ್ಕೂಲ್ ಶೂ, ಮಹೇಶನ ಕ್ಯಾನ್ವಾಸು, ತಮ್ಮದೇ ಪಾಲಿಶ್ ಹಾಕಿದ ಶೂ, ಎಲ್ಲವನ್ನೂ ಎಳೆದೆಳೆದು ಗ್ರಿಲ್ಲಿನಾಚೆ ಎಸೆದರು. ಎಸೆಯುತ್ತಾ ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಾಕು ಬುಡ್ಲಾ" ಅಂದರು ದೊಡ್ಡಪ್ಪ. "ಕಾಫಿ ಆರ್ತದೆ. ನೀನೂ ಕುಡಿ." ಅಜ್ಜಿ ಎರಡು ಲೋಟ ಹೊಸ್ತಿಲು ದಾಟಿಸಿದಳು.

ಅಪ್ಪ ಆಸೆಪಟ್ಟು ಮಾಡಿಸಿದ ಆ ಪೆಟ್ಟಿಗೆಯೊಳಗೆ ಆಮೇಲೆ ಒಂದು ಚಪ್ಪಲಿಯೂ ಹೋಗಲಿಲ್ಲ. ಮೇಲೊಂದು ಜಮಖಾನೆ ಬಂತು. ನಮ್ಮ ಚಪ್ಪಲಿಗಳು ಮೊದಲಿನಂತೆ ಚರಂಡಿ ಪಕ್ಕದಲ್ಲೇ ಬಿದ್ದಿರುತ್ತಿದ್ದವು. ಬಂದವರೆಲ್ಲ "ಎಂಟ್ರೆನ್ಸ್ ಚೆನ್ನಾಗದೆ" ಅನ್ನುವರು, ಅಪ್ಪ ಹೂಂ ಅನ್ನುವರು. ದೊಡ್ಡಪ್ಪ ಹೊಸ್ತಿಲು ದಾಟಿದ್ದು ಅಜ್ಜಿ ತೀರಿಕೊಂಡ ದಿನ. ಆಮೇಲೆ ಯಡಿಯೂರಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರಂತೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ತುಮಕೂರಿನ ನಮ್ಮ ಫ್ಲಾಟಿಗೆ ಇಂಟೀರಿಯರ್ ಮಾಡುವ ಹುಡುಗಿ ಬಂದಿದ್ದಳು. ಬಾಗಿಲು ತೆಗೆದ ಕೂಡಲೇ ಕಾಣುವ ಜಾಗಕ್ಕೆ ಟ್ಯಾಬ್‌ನಲ್ಲಿ ಚಿತ್ರ ತೋರಿಸಿದಳು. ಕನ್ನಡಿ, ಕೀ ನೇತುಹಾಕುವ ಕೊಕ್ಕೆ, ಕೂರುವ ಶೂ ರ‍್ಯಾಕು. ಅಪ್ಪನ ಸಿಟ್‌ಔಟೇ, ಬಣ್ಣ ಬೇರೆ. "ಬಾಗಿಲ ಹೊರಗೆ ಒಂದು ಕಟ್ಟೆ ಥರ ಮಾಡಕ್ಕಾಗುತ್ತಾ?" ಎಂದು ಕೇಳಿದೆ. "ಕಾರಿಡಾರಲ್ಲಿ ಏನೂ ಇಡೋ ಹಾಗಿಲ್ಲ ಮೇಡಂ, ಅಸೋಸಿಯೇಷನ್ ರೂಲು. ಆಮೇಲೆ, ಹೊರಗೆ ಯಾರು ಕೂತ್ಕೊತಾರೆ?"

ಕೂರುವವನು ಒಬ್ಬನಿದ್ದಾನೆ. ಅಪ್ಪ ಹೋದ ಮೇಲೆ ಅಮ್ಮ, "ನಾನು ಮಗಳ ಹತ್ರ ಇರ್ತೀನಿ" ಅಂದಳು. ಮಗನಿರುವಾಗ ಮಗಳ ಮನೆಯೇ ಎಂದು ಮಹೇಶನಿಗೆ ಕೆಟ್ಟದೆನಿಸಿತು. ನನ್ನ ಮನೆ ಮೆಟ್ಟಿಲು ತುಳಿಯಲ್ಲ ಅಂದ. ಚಿಕ್ಕವನಾಗಿದ್ದಾಗ "ದೊಡ್ಡಪ್ಪ ಚಪ್ಪಲಿ ಮೇಲೆ ಕೂತವ್ರೆ" ಎಂದು ಕೂಗಿದವನು ತಾನೇ ಎಂಬುದು ಅವನಿಗೆ ನೆನಪಿದೆಯೋ ಇಲ್ಲವೋ. ಭಾನುವಾರ ಕುಣಿಗಲ್‌ನಿಂದ ಬಂದು ಕೆಳಗಿನಿಂದ ಅಮ್ಮನಿಗೆ ಫೋನ್ ಮಾಡುತ್ತಾನೆ. ಅಮ್ಮ ಮಂಡಿನೋವಿನಲ್ಲೇ ಫ್ಲಾಸ್ಕು ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಾಳೆ. ನಾನು ಬಾಲ್ಕನಿಯಿಂದ ನೋಡುತ್ತೇನೆ. ನನ್ನ ಮನೆ ಬಾಗಿಲಿಗೆ ಹೊಸ್ತಿಲೇ ಇಲ್ಲ, ಟೈಲ್ಸು ಒಳಗಿನಿಂದ ಹೊರಗಿನವರೆಗೂ ಒಂದೇ ಸಮ. ಹಾಗಿದ್ದೂ ಒಳಗೂ ಅಲ್ಲದ ಹೊರಗೂ ಅಲ್ಲದ, ಅವನನ್ನು ಹತ್ತಿರ ಕೂರಿಸಿಕೊಳ್ಳುವಂಥ ಜಾಗ ಮಾತ್ರ ಎಲ್ಲೂ ಇಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ಒಂದಿದೆ. ಅದರಲ್ಲಿ ಅಮ್ಮ ಕೂತರೆ ಮಹೇಶ ನಿಂತುಕೊಂಡೇ ಕಾಫಿ ಕುಡಿಯಬೇಕು.